ಆರ್ಥರನ ಕಾರು, ಕಾಶ್ಯಪ ಗೋತ್ರ

ಜಯನಗರದ ಪೋರ್ಟಿಕೋ

ನಮ್ಮನೆ ಪೋರ್ಟಿಕೋದಲ್ಲಿ ನಿಂತಿರುವ ಕಾರಿಗೆ ವರ್ಷಾ ವರ್ಷಾ ಆಯುಧಪೂಜೆ ನಡೆಯುತ್ತಿದ್ದದ್ದು ನಾವು ಯಾರೂ ಕಣ್ಣಲ್ಲಿ ಕಾಣದ ಒಬ್ಬ ಇಂಗ್ಲಿಷಿನವನ ಹೆಸರಿನಲ್ಲಿ. ನಾನು ಬೆಂಗಳೂರಿನದೇ ಶ್ರೀನಗರದಿಂದ ಜಯನಗರದ ಈ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷವೇ ಅದನ್ನು ಕಂಡು ದಂಗಾಗಿದ್ದೆ. ಪುರೋಹಿತರು ಸ್ಕೂಟರು, ಹೊಲಿಗೆ ಮಷೀನು, ಮಾವನವರ ಸ್ಪ್ಯಾನರ್ ಪೆಟ್ಟಿಗೆ ಎಲ್ಲಕ್ಕೂ ಮಾವನವರ ಹೆಸರು, ಗೋತ್ರ ಹೇಳಿ ಅಕ್ಷತೆ ಹಾಕಿದರು. ಕಾರಿನ ಮುಂದೆ ಬಂದಾಗ ಮಾತ್ರ ಗಂಟಲು ಸರಿಮಾಡಿಕೊಂಡು, "ಕಾಶ್ಯಪ ಗೋತ್ರೋದ್ಭವಸ್ಯ, ಆರ್ಥರ್ ನಾಮಧೇಯಸ್ಯ..." ಅಂದರು. ನಾನು ಕಿಸಕ್ಕನೆ ನಕ್ಕುಬಿಟ್ಟೆ. ಆರತಿ ತಟ್ಟೆ ಹಿಡಿದಿದ್ದ ಅತ್ತೆ ಮೊಣಕೈಯಲ್ಲಿ ತಿವಿದರು.

"ಗೋತ್ರ ಗೊತ್ತಿಲ್ಲದೋರಿಗೆ ಕಾಶ್ಯಪ ಅಂತ ಹೇಳೋದು ಪದ್ಧತಿ. ನಗೋದೇನಿದೆ ಅದ್ರಲ್ಲಿ?"

"ಅದಲ್ಲ ಅತ್ತೆ, ಆರ್ಥರ್ ಅಂದ್ರೆ ಯಾರು?"

"ಕಾರಿನ ಯಜಮಾನ. ನಿಮ್ಮ ಮಾವನ್ನ ಕೇಳು, ಇಷ್ಟೇ ಹೇಳ್ತಾರೆ. ನಂಗೂ ಅಷ್ಟೇ ಗೊತ್ತು."

ಮಾವನವರು ಬಟ್ಟೆ ಗಿರಣಿಯಲ್ಲಿ ಎಂಜಿನಿಯರ್ ಆಗಿದ್ದವರು. ಮದುವೆಗೆ ಮುಂಚೆ ಗಿರಣಿಯವರು ಅವರನ್ನು ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಅನ್ನೋ ಊರಿಗೆ ಮಷೀನು ಕೆಲಸ ಕಲಿಯಲು ಕಳಿಸಿದ್ದರಂತೆ. ವಾಪಸು ಬರುವಾಗ ಹಡಗಿನಲ್ಲಿ ಈ ಕಾರು ಜೊತೆಗೆ ಬಂತು. ಕಡುಹಸಿರು ಬಣ್ಣ, ನೆಲಕ್ಕೆ ಅಂಟಿಕೊಂಡಷ್ಟು ಕುಳ್ಳು, ಎರಡೇ ಸೀಟು, ಮೇಲೆ ಬಟ್ಟೆಯ ಛಾವಣಿ. ಯಾರು ಎಷ್ಟು ಕೇಳಿದರೂ ಮಾವನವರದು ಒಂದೇ ಉತ್ತರ: "ಕಾರು ಆರ್ಥರಂದು. ನಾನು ನೋಡ್ಕೊಳ್ತಿದ್ದೀನಿ ಅಷ್ಟೆ." ಪರರ ವಸ್ತು ಅಂತ ಅದರೊಳಗೆ ಚಪ್ಪಲಿ ಹಾಕ್ಕೊಂಡು ಕಾಲಿಡಲು ಯಾರಿಗೂ ಬಿಡುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೇಸಿಗೆಯಲ್ಲಿ ಮಾವನವರು ತೀರಿಕೊಂಡರು. ವರ್ಷಾಂತಿಕ ಮುಗಿಯುತ್ತಲೇ ಕಾರಿನ ಜಗಳ ಶುರುವಾಯಿತು. ನನ್ನ ಗಂಡ ರಘು, ಹಳೇ ಕಾರುಗಳನ್ನು ಮದುವೆ ಮೆರವಣಿಗೆಗೆ ಬಾಡಿಗೆಗೆ ಬಿಡುವ ಜೆ.ಪಿ. ನಗರದ ಒಬ್ಬರಿಗೆ ಅದನ್ನು ಕೊಟ್ಟುಬಿಡೋಣ ಅಂದರು. ಅವರದೂ ತಪ್ಪಲ್ಲ ಅನ್ನಿ. ಮಕ್ಕಳ ಸೈಕಲ್ ನಿಲ್ಲಿಸಲು ಜಾಗವಿಲ್ಲ, ಪೋರ್ಟಿಕೋ ನೆಲವೆಲ್ಲ ಆಯಿಲ್ ಕಲೆ. ಆದರೆ ನನ್ನ ನಾದಿನಿ ವಸಂತಾ, "ಕಾರು ಹೊರಗೆ ಹೋದ್ರೆ ನಾನೂ ಹೊರಗೆ ಹೋಗ್ತೀನಿ" ಅಂತ ಒಂದೇ ಮಾತು ಹೇಳಿ ಒಳಗೆ ಹೋದಳು.

ವಸಂತಾಳಿಗೆ ಆಗ ನಲವತ್ತರ ಹತ್ತಿರ. ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ. ಮದುವೆಯಾಗಿರಲಿಲ್ಲ, ಬೇಕು ಅಂತ ಅವಳಿಗೆ ಯಾವತ್ತೂ ಅನ್ನಿಸಿರಲೂ ಇಲ್ಲ. ಆದರೆ ಅತ್ತೆ ಮಾತ್ರ ಇಪ್ಪತ್ತು ವರ್ಷದಿಂದ, ಯಾರು ಕೇಳಿದರೂ "ನೋಡ್ತಾ ಇದ್ದೀವಿ" ಅನ್ನುತ್ತಿದ್ದರು. ಗಂಡಿನ ಕಡೆಯವರು ಬರುವರು, ಉಪ್ಪಿಟ್ಟು ಕೇಸರಿಬಾತು ತಿನ್ನುವರು. ಅಮ್ಮನ ಮನಸ್ಸು ನೋಯಬಾರದು ಅಂತ ವಸಂತಾ ಸೀರೆ ಉಟ್ಟು ಬಂದು ಕೂರುವಳು, ಉಗುರಿನ ಸಂದಿಯಲ್ಲಿ ಗ್ರೀಸು ಹಾಗೇ ಇರುತ್ತಿತ್ತು. ಯಾಕೆಂದರೆ ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಸೇರಿ ಕಾರಿನ ಪ್ಲಗ್ಗು ಬಿಚ್ಚಿ ಉಜ್ಜಿ, ಹೊಸಕೆರೆಹಳ್ಳಿ ಕೆರೆಯವರೆಗೆ ಒಂದು ಸುತ್ತು ಹೋಗಿ ಬರುವುದು ಅವಳ ಬಾಲ್ಯದಿಂದ ನಡೆದುಬಂದದ್ದು.

ಮಗನ ಮುಖ ನೋಡಿದರೆ ಮಗಳಿಗೆ ನೋವು, ಮಗಳ ಮುಖ ನೋಡಿದರೆ ಮಗನಿಗೆ. ಅತ್ತೆ ನಾಲ್ಕನೇ ದಿನ ಊಟದ ಹೊತ್ತಿನಲ್ಲಿ ಹೇಳಿದರು: "ನೀವಿಬ್ರೂ ಯಾರು ಅದನ್ನ ಮಾರೋಕೆ, ಇಟ್ಕೊಳ್ಳೋಕೆ? ಯಾರ ಕಾರೋ ಅವ್ರನ್ನ ಕೇಳೋಣ. ಅವ್ರು ಯಾರಿಗೆ ಅಂತಾರೋ ಅವ್ರಿಗೆ."

"ಅಮ್ಮಾ, ಆರ್ಥರ್ ಅಂತ ಇಂಗ್ಲೆಂಡಲ್ಲಿ ಲಕ್ಷ ಜನ ಇರ್ತಾರೆ. ಯಾವ ಆರ್ಥರ್‌ನ ಹುಡುಕ್ತೀಯ?" ಅಂದರು ರಘು.

ಅಂದರೇನು, ಅವರೇ ನಾಲ್ಕನೇ ಬ್ಲಾಕಿನ ಸೈಬರ್ ಕೆಫೆಯಲ್ಲಿ ಕೂತು, ಎಂಜಿನ್ ಪಕ್ಕದ ತಗಡಿನಲ್ಲಿದ್ದ ನಂಬರನ್ನು ಇಂಗ್ಲೆಂಡಿನ ಹಳೇ ಕಾರಿನವರ ಗುಂಪೊಂದಕ್ಕೆ ಬರೆದು ಕಳಿಸಿದರು. ಉತ್ತರ ಬಂತು. ಮ್ಯಾಂಚೆಸ್ಟರಿನ ಡೆರೆಕ್ ಅನ್ನುವವರು. ಈ ಮಾದರಿಯ ಕಾರುಗಳು ಯಾರ ಕೈಯಿಂದ ಯಾರ ಕೈಗೆ ಹೋದವು ಅಂತ ಪತ್ತೆ ಹಚ್ಚುವುದೇ ಅವರ ಹವ್ಯಾಸವಂತೆ. ನಿಮ್ಮ ತಂದೆಗಿಂತ ಮುಂಚೆ ಕಾರು ಇಟ್ಟುಕೊಂಡಿದ್ದವನು ಜಾರ್ಜ್ ಅಂತ, ಅವನೀಗಿಲ್ಲ, ಹೆಂಡತಿ ಓಲ್ಡ್‌ಹ್ಯಾಮ್‌ನಲ್ಲೇ ಇದ್ದಾಳೆ, ಆರ್ಥರನ ವಿಷಯ ಅವಳಿಗೆ ಗೊತ್ತಿದೆ, ಬನ್ನಿ, ನಮ್ಮ ಮನೆಯಲ್ಲೇ ಇಳಿದುಕೊಳ್ಳಿ ಅಂತ ಬರೆದಿದ್ದರು.

"ಫೋನಲ್ಲೇ ಕೇಳಿದ್ರಾಯ್ತಲ್ಲಮ್ಮಾ."

"ಒಬ್ಬರ ವಸ್ತು ಇಷ್ಟು ವರ್ಷ ಇಟ್ಕೊಂಡು ಫೋನಲ್ಲಿ ಕೇಳ್ತಾರೇನೋ? ಮುಖ ನೋಡಿ ಕೇಳ್ಬೇಕು. ನೀನು ಬರ್ಬೇಡ, ಹೂಂ ಅನ್ನೋವರೆಗೂ ಅವ್ರನ್ನ ಬಿಡಲ್ಲ ನೀನು. ವಸಂತಾನೂ ಬೇಡ. ಗೀತಾ ಬರ್ಲಿ."

ಗೀತಾ ಅಂದರೆ ನಾನು. ಬನಶಂಕರಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಹೇಳುವವಳು, ಬೇಸಿಗೆ ರಜೆ ಬೇರೆ. ಇಂಗ್ಲಿಷಿನವರ ಜೊತೆ ಒಂದು ದಿನವೂ ಮಾತಾಡಿದವಳಲ್ಲ.

ಮ್ಯಾಂಚೆಸ್ಟರ್

ಮೊದಲ ಬೆಳಿಗ್ಗೆ ಕಿಟಕಿ ತೆಗೆದ ಅತ್ತೆ, "ಇವತ್ತೇನು ಬಂದ್ ಇದೆಯೇನೆ ಇಲ್ಲಿ?" ಅಂದರು. ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಸೊಪ್ಪಿನವಳ ಕೂಗಿಲ್ಲ, ಹಾಲಿನವನ ಬೆಲ್ಲಿಲ್ಲ. ಒಂದು ಬೆಕ್ಕು ಮಾತ್ರ ಗೋಡೆಯ ಮೇಲೆ ಕೂತು ನಮ್ಮನ್ನೇ ನೋಡುತ್ತಿತ್ತು. ಮನೆಗಳೆಲ್ಲ ಒಂದಕ್ಕೊಂದು ಭುಜ ತಾಗಿಸಿ ನಿಂತಿವೆ, ಒಳಗಿರುವವರು ಮಾತ್ರ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಡೆರೆಕ್ ದಪ್ಪ ಮೀಸೆಯ, ಕೆಂಪು ಮುಖದ, ತುಂಬಾ ಒಳ್ಳೆಯ ಮನುಷ್ಯ. ಒಂಟಿಯಾಗಿರುವವರು. ಹಜಾರದಲ್ಲಿ ಸೋಫಾ ಇರಬೇಕಾದ ಜಾಗದಲ್ಲಿ ಒಂದು ಗೇರ್‌ಬಾಕ್ಸು ಟವೆಲ್ ಹೊದ್ದು ಮಲಗಿತ್ತು. "ಟೀ ಕುಡೀತೀರಾ?" ಅಂತ ಅತ್ತೆಯನ್ನು ಕೇಳಿದರು. ಅತ್ತೆ ಕೈಯಾಡಿಸಿ, "ಅಯ್ಯೋ, ಬೇಡ ಬೇಡ" ಅಂದರು. ಡೆರೆಕ್ ತಲೆಯಾಡಿಸಿ ತಾವೊಂದು ದೊಡ್ಡ ಮಗ್ಗಿನಲ್ಲಿ ಟೀ ಮಾಡಿಕೊಂಡು ಕುಡಿದರು. ಹನ್ನೊಂದಕ್ಕೆ ಮತ್ತೆ ಕೇಳಿದರು. ಅತ್ತೆ ಮತ್ತೆ "ಬೇಡಪ್ಪ" ಅಂದರು. ಮಧ್ಯಾಹ್ನವೂ ಅದೇ ಆಯಿತು. ನಾನು ಮಾತ್ರ ಮೊದಲ ಸಲವೇ ಹೂಂ ಅಂದು ಹೊಟ್ಟೆ ತುಂಬಾ ಕುಡಿದಿದ್ದೆ.

ಸಂಜೆಯ ಹೊತ್ತಿಗೆ ಅತ್ತೆಗೆ ತಲೆನೋವು. "ಏನು ಜನಾನೇ ಇವ್ರು? ಬೇಡ ಅಂದ್ರೆ ಕೊಡೋದೇ ಇಲ್ವಲ್ಲ!"

"ನೀವು ಬೇಡ ಅಂದ್ರಲ್ಲ ಅತ್ತೆ."

"ಮೊದಲನೇ ಸಲ ಯಾರಾದ್ರೂ ಹೂಂ ಅಂತಾರೇನೆ, ಹೊಟ್ಟೆಬಾಕರ ಹಾಗೆ? ನಾಲ್ಕು ಸಲ ಬೇಡ ಅನ್ನೋದು, ಅವ್ರು ನಾಲ್ಕು ಸಲ ಬಲವಂತ ಮಾಡೋದು, ಆಮೇಲೆ ಕುಡಿಯೋದು."

ಡೆರೆಕ್‌ಗೆ ಇದನ್ನು ವಿವರಿಸಿದೆ. ಅವರ ಮುಖ ಸುಣ್ಣದಂತಾಯಿತು. ಅಂದಿನಿಂದ ಪಾಪ, ಅತ್ತೆ ಮೊದಲ ಬಾರಿಗೇ "ಯೆಸ್ ಯೆಸ್" ಅಂದರೂ ಬಿಡದೆ, "ಖಂಡಿತಾನಾ? ಖಂಡಿತಾನಾ?" ಅಂತ ಇನ್ನೂ ಮೂರು ಸಲ ಕೇಳಿಯೇ ಕೊಡುತ್ತಿದ್ದರು.

ಓಲ್ಡ್‌ಹ್ಯಾಮ್ ದಾರಿ

ಮಾರನೆಯ ದಿನ ಡೆರೆಕ್ ತಮ್ಮ ಹಳೇ ನಾಲ್ಕು ಸೀಟಿನ ಕಾರಿನಲ್ಲಿ ನಮ್ಮನ್ನು ಓಲ್ಡ್‌ಹ್ಯಾಮ್‌ಗೆ ಕರೆದುಕೊಂಡು ಹೊರಟರು. ಅದಕ್ಕೆ ಎಷ್ಟು ಪಾಲಿಶ್ ಹಾಕಿದ್ದರೆಂದರೆ ಅದರಲ್ಲಿ ಮುಖ ನೋಡಿ ಬೊಟ್ಟು ಇಟ್ಟುಕೊಳ್ಳಬಹುದಿತ್ತು. ದಾರಿಯಲ್ಲಿ ಒಂದು ಗುಡ್ಡದ ಮೇಲೆ ನಿಲ್ಲಿಸಿ, ಕೆಳಗೆ ಕಾಣುವ ಇಟ್ಟಿಗೆಯ ಗಿರಣಿಗಳನ್ನು ತೋರಿಸಿದರು. ಚಿಮಣಿಗಳೆಲ್ಲ ನಿಂತಿವೆ, ಹೊಗೆ ಒಂದರಲ್ಲೂ ಇಲ್ಲ. "ಇಲ್ಲೇ ಎಲ್ಲೋ ಕೆಲಸ ಕಲಿತ್ರು ಅಂತ ಕಾಣುತ್ತೆ" ಅಂತ ಅತ್ತೆ ಸ್ವಲ್ಪ ಹೊತ್ತು ನೋಡುತ್ತಾ ನಿಂತರು. ಗಾಳಿ ಸೆರಗನ್ನು ಎಳೆಯುತ್ತಿತ್ತು. ಮತ್ತೆ ಹತ್ತಿ ಹೊರಟೆವು.

ಓಲ್ಡ್‌ಹ್ಯಾಮ್‌ನಲ್ಲಿ ಇಳಿದರೆ ಅತ್ತೆಯ ಕಾಲು ಬರಿದು.

"ಚಪ್ಪಲಿ ಎಲ್ಲಿ ಅತ್ತೆ?"

ಅತ್ತೆ ಕಾಲು ನೋಡಿಕೊಂಡರು. ಆಮೇಲೆ ನನ್ನ ಮುಖ ನೋಡಿದರು. "ಗುಡ್ಡದ ಮೇಲೆ ಬಿಟ್ಟೆ ಕಣೆ. ಬೆಳಿಗ್ಗೆ ಬಿಚ್ಚಿ ಕೈಲಿ ಹಿಡ್ಕೊಂಡಿದ್ದೆ, ಅಲ್ಲಿ ಕಾರು ಹತ್ತೋವಾಗ ಎತ್ಕೊಳ್ಳೋದೇ ಮರೆತೆ."

ಮನೆಯ ಕಾರಿಗೆ ಚಪ್ಪಲಿ ಹಾಕ್ಕೊಂಡು ಹತ್ತಬಾರದು ಅಂತ ಮಾವನವರು ಹಾಕಿಕೊಟ್ಟ ಅಭ್ಯಾಸ. ಪರದೇಶದಲ್ಲಿ, ಪರರ ಹೊಳೆಯುವ ಹಳೇ ಕಾರು ನೋಡಿದ ಕೂಡಲೇ ಕಾಲು ತಾನಾಗಿ ಚಪ್ಪಲಿ ಬಿಟ್ಟಿದೆ. ಡೆರೆಕ್‌ಗೆ ಹೇಳಿದಾಗ ಆ ಮನುಷ್ಯ ನಗಲಿಲ್ಲ. "ನನ್ನ ಕಾರಿಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿಲ್ಲ" ಅಂದರು, ಕಣ್ಣು ಒದ್ದೆಯಾಗಿತ್ತು.

ಈಗಲೇ ಹೇಳಿಬಿಡುತ್ತೇನೆ, ಸಂಜೆ ಅದೇ ದಾರಿಯಲ್ಲಿ ವಾಪಸು ಬಂದಾಗ ಚಪ್ಪಲಿ ನೆಲದ ಮೇಲಿರಲಿಲ್ಲ. ಯಾರೋ ಅದನ್ನೆತ್ತಿ ಪಕ್ಕದ ಕಲ್ಲುಗೋಡೆಯ ಮೇಲೆ ಜೋಡಿಯಾಗಿ ಇಟ್ಟು ಹೋಗಿದ್ದರು. ಬೀದಿಯಲ್ಲಿ ಸಿಕ್ಕ ಕೈಗವಸು, ಮಗುವಿನ ಟೋಪಿ, ಏನೇ ಇರಲಿ, ಕಳಕೊಂಡವರ ಕಣ್ಣಿಗೆ ಬೀಳುವ ಹಾಗೆ ಎತ್ತರದಲ್ಲಿಟ್ಟು ಹೋಗುವುದು ಅಲ್ಲಿನವರ ಪದ್ಧತಿ. ಎದುರೆದುರು ಮಾತಾಡಲು ನಾಚುವ ಜನ ಹೀಗೆ ಮಾತಾಡಿಕೊಳ್ಳುತ್ತಾರೇನೋ ಅನ್ನಿಸಿತು.

ಮೌರೀನ್ ಮನೆಯಲ್ಲಿ

ಜಾರ್ಜನ ಹೆಂಡತಿ ಮೌರೀನ್ ಬಾಗಿಲು ತೆಗೆದವರೇ ಮೊದಲು ನೋಡಿದ್ದು ಅತ್ತೆಯ ಬರಿಗಾಲನ್ನು. ಏನು ಎತ್ತ ಅಂತ ಕೇಳಲೇ ಇಲ್ಲ. ಒಳಗೆ ಹೋಗಿ ಉಣ್ಣೆಯ ಮನೆಚಪ್ಪಲಿ ತಂದು ಅತ್ತೆಯ ಕಾಲ ಬಳಿ ಇಟ್ಟು, ಆಮೇಲೆ "ನಮಸ್ಕಾರ, ಬನ್ನಿ" ಅನ್ನುವ ಹಾಗೆ ನಕ್ಕರು. ಎಂಬತ್ತರ ಹತ್ತಿರದ ಹಣ್ಣು ಜೀವ, ಮಾತು ಮಾತ್ರ ಪಟಾಕಿ. ಆಕೆಯ ಇಂಗ್ಲಿಷ್ ನನಗೆ ಅರ್ಧ ಅರ್ಥವಾಗಲಿಲ್ಲ. ನಾನು ಮಕ್ಕಳಿಗೆ ಹೇಳಿಕೊಡುವ ಭಾಷೆಯೇ ಬೇರೆ, ಅದೇ ಬೇರೆ. ಡೆರೆಕ್ ಇಂಗ್ಲಿಷನ್ನು ಇಂಗ್ಲಿಷಿಗೆ ತರ್ಜುಮೆ ಮಾಡುವುದು, ನಾನು ಅದನ್ನು ಕನ್ನಡಕ್ಕೆ ತರುವುದು, ಹೀಗೆ ನಡೆಯಿತು ಸಂಭಾಷಣೆ.

"ರಾಮ್‌ನ ಹೆಂಡತಿ ನೀವು! ಅಂತೂ ನೋಡಿದೆ" ಅಂದರು ಮೌರೀನ್. ನಮ್ಮ ಮಾವ ರಾಮಚಂದ್ರ ಅಲ್ಲಿ ರಾಮ್ ಆಗಿದ್ದರು. "ನಿಮ್ಮಿಂದ್ಲೂ ಕಾರು ಕೈ ತಪ್ತು ಅನ್ನಿ. ನಾವು ಹೆಂಡತಿಯರೆಲ್ಲ ಒಂದೇ."

"ಏನು ಹಾಗಂದ್ರೆ?" ಅಂದರು ಅತ್ತೆ.

"ರಾಮ್ ಹೇಳಿಲ್ವಾ ನಿಮಗೆ? ಆ ಕಾರಿನ ಕಾನೂನು?"

ಕಥೆ ಇಷ್ಟು. ಹ್ಯಾರಲ್ಡ್, ಜಾರ್ಜ್, ರಾಮ್, ಆರ್ಥರ್ ನಾಲ್ವರೂ ಒಂದೇ ಗಿರಣಿಯಲ್ಲಿ ಕೆಲಸ ಕಲಿಯುತ್ತಾ ಒಂದೇ ಮನೆಯಲ್ಲಿ ಬಾಡಿಗೆಗಿದ್ದ ಹುಡುಗರು. ಕಾರು ಕೊಂಡವನು ಹ್ಯಾರಲ್ಡ್. ಅವನಿಗೆ ಮದುವೆ ಗೊತ್ತಾದಾಗ ಹುಡುಗಿ, ಎರಡು ಸೀಟಿನ ಕಾರಲ್ಲಿ ನಾಳೆ ಮಗುವನ್ನು ಎಲ್ಲಿ ಕೂರಿಸ್ತೀಯ ಅಂದಳಂತೆ. ಹ್ಯಾರಲ್ಡ್ ಕಾರನ್ನು ಮಾರಲಿಲ್ಲ. ಇದು ಬ್ರಹ್ಮಚಾರಿಗಳ ಕಾರು, ಮದುವೆಯಾದವನು ಮದುವೆಯಾಗದವನಿಗೆ ಬಿಟ್ಟುಕೊಡಬೇಕು ಅಂತ ಒಂದು ಕಾನೂನು ಮಾಡಿ ಕೀಲಿಯನ್ನು ಜಾರ್ಜನ ಕೈಗಿಟ್ಟ. ಜಾರ್ಜ್ ಮೌರೀನಳನ್ನು ಮದುವೆಯಾಗುವ ದಿನ ಚರ್ಚಿನ ಮೆಟ್ಟಿಲ ಮೇಲೆ ಕೀಲಿಯನ್ನು ರಾಮ್‌ಗೆ ಕೊಟ್ಟ. "ಆ ಫೋಟೋದಲ್ಲಿ ನನ್ನ ಗಂಡ ಅಳ್ತಾ ಇದ್ದಾನೆ. ಎಲ್ಲರೂ ನನಗೋಸ್ಕರ ಅಂದ್ಕೊಂಡ್ರು. ಕಾರಿಗೋಸ್ಕರ!" ಅಂತ ಮೌರೀನ್ ಕೆಮ್ಮುವಷ್ಟು ನಕ್ಕರು.

ರಾಮ್ ಮದುವೆಯಾಗದ ಹುಡುಗನಾಗಿಯೇ ಕಾರಿನ ಸಮೇತ ಊರಿಗೆ ಹೋದ. ಉಳಿದವನು ಆರ್ಥರ್ ಒಬ್ಬನೇ. ಅವನು ಮದುವೆಯೇ ಆಗಲಿಲ್ಲ.

ಅತ್ತೆ ಟೀ ಲೋಟ ಕೆಳಗಿಟ್ಟರು. "ಹಾಗಾದ್ರೆ ನನ್ನ ಮದುವೆ ದಿನಾನೇ ಅದು ಆರ್ಥರಂದಾಯ್ತು."

"ಕಾನೂನಿನ ಪ್ರಕಾರ ಹೌದು."

"ನನಗೆ ಒಂದು ಮಾತೂ ಹೇಳ್ಲಿಲ್ಲ ಕಣೆ" ಅಂದರು ನನ್ನ ಕಡೆ ತಿರುಗಿ. "ಹೇಳಿದ್ರೆ ನಾನೆಲ್ಲಿ ನೊಂದ್ಕೋತೀನೋ ಅಂತ. ಎಷ್ಟು ವರ್ಷ ಆರತಿ ಹಿಡಿದೆ, ಒಂದು ಮಾತು..."

ಮೌರೀನ್ ಎದ್ದು ಬಂದು ಅತ್ತೆಯ ಪಕ್ಕ ಕೂತರು. ನಿಮಗೆ ಮಕ್ಕಳೆಷ್ಟು ಅಂತ ಕೇಳಿದರು. ಮಾತು ಬದಲಿಸಲು ಕೇಳಿದ್ದು. ಒಬ್ಬ ಮಗ, ಒಬ್ಬಳು ಮಗಳು ಅಂದೆ. ಮಗಳಿಗೆ ಮದುವೆಯಾಗಿದೆಯಾ? ನಾನು ಬಾಯಿ ತೆಗೆಯುವ ಮುಂಚೆಯೇ ಅತ್ತೆ, "ನೋಡ್ತಾ ಇದ್ದೀವಿ ಅಂತ ಹೇಳು" ಅಂದರು. ಹಾಗೇ ಹೇಳಿದೆ. ಯಾರು, ಎಲ್ಲಿಂದ ನೋಡುತ್ತಿದ್ದಾರೆ ಅಂತ ಮೌರೀನ್‌ಗೆ ಅರ್ಥವಾಗಲಿಲ್ಲ. ಡೆರೆಕ್‌ಗೂ ಆಗಲಿಲ್ಲ.

ಆರ್ಥರನ ವಿಳಾಸ ಕೇಳಿದಾಗ ಮೌರೀನ್ ತಲೆಯಾಡಿಸಿದರು. ಅವನಿಗೆ ವಿಳಾಸವಿಲ್ಲ, ಫೋನೂ ಇಲ್ಲ. ಗಿರಣಿ ಮುಚ್ಚಿದ ಮೇಲೆ ಒಂದು ದೋಣಿ ತಗೊಂಡು ಅದರಲ್ಲೇ ವಾಸ. ಬೆಟ್ಟದ ಆಚೆಯ ಕಾಲುವೆಯಲ್ಲಿ ಹೆಬ್ಡನ್ ಬ್ರಿಜ್ ಅನ್ನುವ ಊರಿನ ಹತ್ತಿರ ಎಲ್ಲೋ ಇರ್ತಾನೆ. ಕಾಲುವೆಯ ನಿಯಮ, ದೋಣಿ ಒಂದೇ ಕಡೆ ಹೆಚ್ಚು ದಿನ ನಿಲ್ಲೋ ಹಾಗಿಲ್ಲ. "ಹುಡುಕೋದು ಸುಲಭ. ಆ ದೋಣಿ ಮನುಷ್ಯ ನಡೆಯೋದಕ್ಕಿಂತ ನಿಧಾನ ಹೋಗುತ್ತೆ."

ಕಾಲುವೆ ದಂಡೆ

ಅದು ನಿಜ, ಮರುದಿನ ಕಣ್ಣಾರೆ ಕಂಡೆವು. ಹೆಬ್ಡನ್ ಬ್ರಿಜ್ ಬೆಟ್ಟಗಳ ಮಡಿಲಲ್ಲಿ ಕೂತ, ಕಪ್ಪು ಕಲ್ಲಿನ ಊರು. ಊರ ನಡುವೆ ಕಾಲುವೆ. ನಮ್ಮ ಬೆಂಗಳೂರಿನ ರಾಜಕಾಲುವೆಯನ್ನು ನೆನೆಸಿಕೊಂಡು ಮೂಗು ಮುಚ್ಚಿಕೊಳ್ಳಲು ಸಿದ್ಧಳಾಗಿದ್ದೆ. ನೋಡಿದರೆ ಬಾತುಕೋಳಿ ಮರಿಗಳು ಸಾಲಾಗಿ ಹೋಗುತ್ತಿವೆ, ದಡದಲ್ಲಿ ಕಾಡುಬೆಳ್ಳುಳ್ಳಿಯ ಬಿಳಿ ಹೂವು. ಅತ್ತೆ ಬಗ್ಗಿ ಒಂದು ಎಲೆ ಹಿಸುಕಿ ಮೂಸಿ, "ಒಗ್ಗರಣೆ ವಾಸನೆ ಕಣೆ!" ಅಂತ ಕಣ್ಣರಳಿಸಿದರು.

ಡೆರೆಕ್ ಮಂಡಿ ನೋವು ಅಂತ ಸೇತುವೆ ಬಳಿ ಕಾರಿನಲ್ಲೇ ಉಳಿದರು. ದೋಣಿಗಳಲ್ಲಿ ಕೂತಿದ್ದವರನ್ನು ಕೇಳುತ್ತಾ ನಾವಿಬ್ಬರೂ ದಂಡೆಯ ಮೇಲೆ ನಡೆದೆವು. ಒಬ್ಬಾಕೆ, "ಆರ್ಥರಾ? ಈಗಷ್ಟೇ ಹೋದ. ನೀಲಿ ದೋಣಿ" ಅಂದಳು. ಒಂದು ತಿರುವು ದಾಟಿದ ಮೇಲೆ ಕಂಡಿತು. ಉದ್ದಕ್ಕೆ, ಕಿರಿದಾಗಿ, ರೈಲಿನ ಒಂದೇ ಬೋಗಿ ನೀರಿಗಿಳಿದ ಹಾಗೆ. ಹಿಂದುಗಡೆ ನಿಂತು ನಡೆಸುತ್ತಿದ್ದವರು ಕೋಲಿನಂತೆ ತೆಳ್ಳಗೆ, ಎತ್ತರದ ಮುದುಕರು, ತಲೆಗೆ ಚಪ್ಪಟೆ ಟೋಪಿ. ಅತ್ತೆ ಸೆರಗು ಸಿಕ್ಕಿಸಿ ಹೆಜ್ಜೆ ಹಾಕಿದರು ನೋಡಿ, ನನಗಿಂತ ಮೊದಲು ದೋಣಿಯ ಸಮಕ್ಕೆ ಮುಟ್ಟಿ, ನಡೆಯುತ್ತಲೇ ಕೈ ಮುಗಿದು, "ಆರ್ಥರ್?" ಅಂದರು.

ಮುದುಕರು ಬೊಟ್ಟು, ಸೀರೆ, ಉಣ್ಣೆ ಸ್ವೆಟರು ಎಲ್ಲವನ್ನೂ ನೋಡಿದರು.

ನಾನು ಏದುಸಿರು ಬಿಡುತ್ತಾ, "ನಾವು ಬೆಂಗಳೂರಿನಿಂದ. ರಾಮ್ ಮನೆಯವರು. ಇವರು ಅವರ ಹೆಂಡತಿ" ಅಂದೆ.

ಅವರ ಮುಖದಲ್ಲಿ ಏನೋ ಆಯಿತು, ಆದರೆ ದೋಣಿ ನಿಲ್ಲಿಸಲಿಲ್ಲ. ಮುಂದೆ ಕೈ ತೋರಿಸಿ, "ಲಾಕ್ ಬಂತು. ಆ ಬಾಗಿಲು ಸ್ವಲ್ಪ ತಳ್ಳಬೇಕು. ತಳ್ತೀರಾ?" ಅಂದರು. ದೋಣಿಯಷ್ಟೇ ನಿಧಾನದ ಮಾತು, ಡೆರೆಕ್ ಇಲ್ಲದೆಯೂ ನನಗೆ ತಿಳಿಯಿತು.

ನೀರಿನ ಮೆಟ್ಟಿಲು

ಲಾಕ್ ಅಂದರೆ ಕಾಲುವೆಯೊಳಗಿನ ಮೆಟ್ಟಿಲು. ಎರಡು ಕಡೆ ಮರದ ದೊಡ್ಡ ಬಾಗಿಲು, ನಡುವೆ ತೊಟ್ಟಿ. ದೋಣಿ ತೊಟ್ಟಿಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ ನೀರು ತುಂಬಿಸಿದರೆ ದೋಣಿ ತಾನಾಗಿ ಮೇಲೇರುತ್ತದೆ. ಬಾಗಿಲಿಗೆ ತೊಲೆಯಂಥ ಹಿಡಿಕೆ. ಕೈಯಲ್ಲಿ ತಳ್ಳಿದರೆ ಆಗದು, ಅದಕ್ಕೆ ಬೆನ್ನು ಕೊಟ್ಟು, ಕಾಲು ನೆಲಕ್ಕೆ ಊರಿ ಹಿಂದಕ್ಕೆ ಒತ್ತಬೇಕು. ಜಯನಗರದ ಅತ್ತೆ, ಎಪ್ಪತ್ತರ ಹತ್ತಿರದವರು, ಕಾಟನ್ ಸೀರೆಯಲ್ಲಿ ತೊಲೆಗೆ ಸೊಂಟ ಕೊಟ್ಟು ತಳ್ಳಿದರು. ನಾನು ಪಕ್ಕದಲ್ಲಿ ತಳ್ಳಿದೆ. ಬಾಗಿಲು ನಿಟ್ಟುಸಿರು ಬಿಟ್ಟ ಹಾಗೆ ಮುಚ್ಚಿಕೊಂಡಿತು.

ಆರ್ಥರ್ ದಡಕ್ಕೆ ಬಂದು ಹಗ್ಗ ಹಿಡಿದು ನಿಂತರು. ಕೆಳಗೆ ನೀರು ನುಗ್ಗುತ್ತಿತ್ತು.

"ರಾಮ್ ಹೇಗಿದ್ದಾನೆ?"

"ಹೋದ ವರ್ಷ ತೀರಿಕೊಂಡರು" ಅಂದೆ.

ಅವರು ಟೋಪಿ ತೆಗೆದರು. ನೀರನ್ನೇ ನೋಡುತ್ತಾ ನಿಂತರು. ಅತ್ತೆಯೂ ನೀರನ್ನೇ ನೋಡುತ್ತಾ ನಿಂತರು. ದೋಣಿ ಅಂಗುಲ ಅಂಗುಲವಾಗಿ ಮೇಲೇರುತ್ತಿತ್ತು.

"ಮತ್ತೆ... ಕಾರು?"

"ಇದೆ. ಓಡುತ್ತೆ."

"ಓಡುತ್ತಾ?" ಅಂತ ತೊಲೆಯ ಮೇಲೆ ಕೂತುಬಿಟ್ಟರು. "ಅದು ಆಗಲೇ ಓಡ್ತಿರಲಿಲ್ಲವಲ್ಲ!"

ಅತ್ತೆ ಅಂದರು: "ಗೀತಾ, ಇವ್ರಿಗೆ ಪೂಜೆ ವಿಷಯ ಹೇಳು." ನಾನು ಹೇಳಿದೆ. ಪ್ರತಿ ವರ್ಷ ಯಜಮಾನನ ಹೆಸರು ಹೇಳಿ ವಾಹನಕ್ಕೆ ಪೂಜೆ ಮಾಡುವ ಪದ್ಧತಿ ಇದೆ, ಮಾವನವರು ತಮ್ಮ ಹೆಸರು ಹೇಳಿಸಲಿಲ್ಲ, ನಿಮ್ಮ ಹೆಸರನ್ನೇ ಹೇಳಿಸಿದರು, ನಿಮಗೊಂದು ಗೋತ್ರವೂ ಇದೆ ಅಂತ.

"ನನ್ನ ಹೆಸರಲ್ಲಿ ಏನು ಬೇಡಿಕೊಳ್ತಿದ್ರು?"

"ಆಯಸ್ಸು, ಆರೋಗ್ಯ, ಐಶ್ವರ್ಯ."

ಅವರು ಬಹಳ ಗಂಭೀರವಾಗಿ ಯೋಚಿಸಿದರು. "ಆಯಸ್ಸು ಮುಟ್ಟಿದೆ. ಆರೋಗ್ಯದಲ್ಲಿ ಎಡಗಿವಿ ಒಂದು ಕೆಟ್ಟಿದೆ. ಐಶ್ವರ್ಯ ಪೂರ್ತಿ ದಾರಿ ತಪ್ಪಿದೆ. ನಿಮ್ಮ ಪೂಜಾರಿಗೆ ವಿಳಾಸ ಸರಿಯಾಗಿ ಕೊಟ್ಟಿರಲಿಲ್ಲ ಅಂತ ಕಾಣುತ್ತೆ."

ಅತ್ತೆಗೆ ಕನ್ನಡದಲ್ಲಿ ಹೇಳಿದಾಗ ಬಾಯಿಗೆ ಸೆರಗು ಒತ್ತಿ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. "ನಾನು ಆ ಮನೆಗೆ ಬಂದಿದ್ರಿಂದ ಕಾರು ನಿಮಗೆ ಸೇರಬೇಕಿತ್ತು. ಸೇರ್ಲಿಲ್ಲ. ನಿಮ್ಮ ವಸ್ತು ನಾವು ಇಟ್ಕೊಂಡ್ವಿ ಅಂತ ಹೇಳು ಇವ್ರಿಗೆ."

ಆರ್ಥರ್ ತಲೆಯಾಡಿಸಿದರು. "ಅವನು ಬರೆದಿದ್ದ. ಮದುವೆಯಾದೆ, ಬಂದು ನಿನ್ನ ಕಾರು ತಗೊಂಡು ಹೋಗು ಅಂತ. ನಾನೇ ಹೋಗಲಿಲ್ಲ. ಮುಂದಿನ ವರ್ಷ, ಮುಂದಿನ ವರ್ಷ ಅಂತ." ಕೈಯಲ್ಲಿದ್ದ ಹಗ್ಗವನ್ನು ಸ್ವಲ್ಪ ಎಳೆದುಕೊಂಡು ಮತ್ತೆ ಹೇಳಿದರು: "ಗೆಳೆಯರೆಲ್ಲ ಒಬ್ಬೊಬ್ಬರಾಗಿ ಮನೆ ಮಾಡಿಕೊಂಡು ಹೋದ್ರು. ಎಲ್ಲೋ ಒಂದು ಬಿಸಿಲಿನ ಊರಲ್ಲಿ ನನ್ನದೂ ಅಂತ ಒಂದು ಕಾದು ನಿಂತಿದೆ ಅನ್ನೋದು ಚೆನ್ನಾಗಿತ್ತು. ಹೋಗಿ ತಂದಿದ್ರೆ ಅದೂ ಇರ್ತಿರಲಿಲ್ಲ."

ತೊಟ್ಟಿ ತುಂಬಿತು. ಯಾರೂ ಮುಂದಿನ ಬಾಗಿಲಿಗೆ ಕೈ ಹಾಕಲಿಲ್ಲ. ಅತ್ತೆ ಬಂದ ಕೆಲಸ ಹೇಳಿದರು. ಮಗ ಮಾರೋಣ ಅಂತಾನೆ, ಮಗಳು ಇಟ್ಕೊಳ್ಳೋಣ ಅಂತಾಳೆ. ನೀವು ಹೇಳಿದ ಹಾಗೆ.

"ನನಗೆ ಈ ವಯಸ್ಸಿಗೆ ದೋಣಿಯ ವೇಗವೇ ಹೆಚ್ಚು. ಕಾನೂನಿನ ಪ್ರಕಾರ ಮದುವೆಯಾಗದವರಿಗೆ ಕೊಡಬೇಕು" ಅಂತ ಆರ್ಥರ್ ಅತ್ತೆಯ ಕಡೆ ಮೆಲ್ಲಗೆ ನೋಡಿದರು. "ಈಗ ನೀವೂ ನನ್ನ ಹಾಗೇ ಒಬ್ಬರೇ. ನೀವೇ ಇಟ್ಕೊಳ್ಳಿ."

ನಾನು ಹಿಂಜರಿಯುತ್ತಾ ಅದನ್ನು ಹೇಳಿದೆ. ಅತ್ತೆ ಬೇಸರಪಡಲಿಲ್ಲ. "ನಾನು ಮದುವೆಯಾದವಳು ಅಂತ ಹೇಳು. ಅವ್ರು ಹೋದ್ರೆ ಅದು ಹೋಗುತ್ತೇನು?"

ಆರ್ಥರ್ ಟೋಪಿ ಮುಟ್ಟಿ ಕ್ಷಮೆ ಕೇಳಿದರು. "ಹಾಗಾದ್ರೆ ನಿಮ್ಮ ಮನೆಯಲ್ಲಿ ಮದುವೆಯಾಗದವರು ಯಾರಾದ್ರೂ ಇದ್ದಾರಾ?"

ನಾನು ಕನ್ನಡಕ್ಕೆ ತರಲಿಲ್ಲ. ತರಬೇಕಾಗಿರಲಿಲ್ಲ, ಆ ಪ್ರಶ್ನೆಯನ್ನು ಅತ್ತೆ ಯಾವ ಭಾಷೆಯಲ್ಲಿ ಕೇಳಿದರೂ ಗುರುತಿಸುತ್ತಿದ್ದರು. ನನ್ನ ಬಾಯಿಯ ತುದಿಯಲ್ಲಿ "ನೋಡ್ತಾ ಇದ್ದೀವಿ" ಇಂಗ್ಲಿಷಿನಲ್ಲಿ ಸಿದ್ಧವಾಗಿ ನಿಂತಿತ್ತು. ಪೋರ್ಟಿಕೋ ಖಾಲಿಯಾಗಲಿ ಅಂತ ಕಾಯುತ್ತಿದ್ದ ನನ್ನ ಗಂಡನ ಮುಖವೂ ಒಮ್ಮೆ ಕಣ್ಣ ಮುಂದೆ ಬಂತು. ಅತ್ತೆ ಕೈಯೆತ್ತಿ ನನ್ನನ್ನು ತಡೆದರು.

"ಮೈ ಡಾಟರ್" ಅಂದರು ಅವರೇ. ಒಂದು ಉಸಿರು ತಗೊಂಡರು. "ನಾಟ್ ಮ್ಯಾರೀಡ್."

ಅಯ್ಯೋ ಪಾಪ ಅನ್ನುವ ಮುಖ ಮಾಡುವವರನ್ನೇ ಅತ್ತೆ ಇಷ್ಟು ವರ್ಷ ಕಂಡಿದ್ದು. ಈ ಮುದುಕರ ಮುಖ ಹಬ್ಬದ ಹಾಗೆ ಅರಳಿತು. "ಓಡಿಸ್ತಾಳಾ?"

"ಪ್ಲಗ್ಗೂ ಅವಳೇ ಉಜ್ಜುತ್ತಾಳೆ" ಅಂದೆ ನಾನು.

"ಹಾಗಾದ್ರೆ ಮುಗೀತಲ್ಲ! ಕಾರು ಅವಳದು" ಅಂತ ಎದ್ದು ಅತ್ತೆಯ ಕೈ ಹಿಡಿದು ಕುಲುಕಿದರು. "ಕಾನೂನು ಮಾತ್ರ ಹೇಳಿಬಿಡಿ ಅವಳಿಗೆ."

ಅತ್ತೆ ಮುಂದಿನ ಬಾಗಿಲ ತೊಲೆಯ ಕಡೆ ತಾವಾಗಿಯೇ ನಡೆದರು.

ಟೆಲಿಫೋನ್ ಪೆಟ್ಟಿಗೆ

ಆರ್ಥರ್ ದೋಣಿ ಕಟ್ಟಿ ನಮ್ಮ ಜೊತೆ ಸೇತುವೆಯವರೆಗೂ ಬಂದರು. ಅದರ ಪಕ್ಕ ಒಂದು ಕೆಂಪು ಟೆಲಿಫೋನ್ ಪೆಟ್ಟಿಗೆ. ನಾವಿಬ್ಬರೂ ಒಳಗೆ ತುರುಕಿಕೊಂಡು ನಿಂತೆವು. ನಮ್ಮೂರಲ್ಲಿ ಆಗ ರಾತ್ರಿ ಊಟದ ಹೊತ್ತು. ನನ್ನ ಬಳಿಯಿದ್ದ ಕಾಲಿಂಗ್ ಕಾರ್ಡ್ ಕೆರೆದು ನಂಬರ್ ಒತ್ತಿದೆ. ರಘು ಎತ್ತಿದರು. ಅತ್ತೆ ರಿಸೀವರ್ ಕಿತ್ತುಕೊಂಡು, ತಂತಿಯನ್ನು ನಂಬದವರ ಹಾಗೆ ಕೂಗಿ ಮಾತಾಡಿದರು.

"ಸಿಕ್ಕಿದ್ರು ಕಣೋ. ಒಳ್ಳೆಯವ್ರು. ವಸಂತಾನ ಕರಿ... ನಿಂಗೆ ಆಮೇಲೆ ಹೇಳ್ತೀನಿ, ಮೊದ್ಲು ಅವಳನ್ನ ಕರಿ... ಅಲ್ಲ ಕಣೋ, ನಿನ್ನ ಮೇಲೆ ಕೋಪ ಅಲ್ಲ. ಸೈಕಲ್ ನಮ್ಮ ಹಿಂದುಗಡೆ ಸಂದಿಯಲ್ಲಿ ನಿಲ್ಲಿಸಿದ್ರಾಯ್ತು, ಶೀಟ್ ಹಾಕಿಸೋಣ. ಹೂಂ. ಕರಿ."

ವಸಂತಾ ಬಂದಳು. ಅತ್ತೆಯ ದನಿ ತಗ್ಗಿತು.

"ವಸಂತಾ, ಕಾರು ನಿನ್ನದಂತೆ."

ನಾನು ರಿಸೀವರಿಗೆ ಕಿವಿ ಹಚ್ಚಿದೆ.

"ಒಂದು ಷರತ್ತಿದೆ. ಮದುವೆಯಾದ್ರೆ ಬಿಟ್ಟುಕೊಡಬೇಕು."

ವಸಂತಾ ಕೇಳಿದಳು: "ಅಮ್ಮಾ... ನೀನು ಬಂದ ಮಾರನೇ ವಾರ ಹೊಸಕೆರೆಹಳ್ಳಿಯವರು ನೋಡೋಕೆ ಬರ್ತಾರೆ ಅಂದಿದ್ಯಲ್ಲ?"

"ಹೂಂ."

"ಅವರಿಗೇನು ಹೇಳ್ಲಿ?"

"ನೀನ್ಯಾಕೆ ಹೇಳ್ತೀಯ? ಕರೆದವಳು ನಾನು. ಅವ್ರ ನಂಬರ್ ಫೋನ್ ಪಕ್ಕದ ಗೋಡೇಲಿ ಬರೆದಿದ್ದೀನಿ ನೋಡು. ಹೇಳು."

ವಸಂತಾ ಒಂದೊಂದೇ ಅಂಕಿ ಬಿಡಿಸಿ ನಂಬರ್ ಹೇಳಿದಳು. ನಾನು ಅಂಗೈಯಲ್ಲಿ ಬರೆದುಕೊಂಡೆ. ಫೋನ್ ಇಟ್ಟ ಮೇಲೆ, "ಊರಿಗೆ ಹೋಗಿ ಮಾಡಿದ್ರಾಯ್ತು ಬಿಡಿ ಅತ್ತೆ" ಅಂದೆ.

"ಊರಿಗೆ ಹೋದ್ರೆ ನಾನು ಹೇಳಲ್ಲ, ನಂಗೊತ್ತು. ಕಾರ್ಡ್‌ನಲ್ಲಿ ಇನ್ನೂ ಇದೆಯಾ? ಒತ್ತು."

ಒತ್ತಿದೆ. ಹೊರಗೆ ಡೆರೆಕ್ ಮತ್ತು ಆರ್ಥರ್ ಗೋಡೆಗೆ ಒರಗಿ ಯಾವುದೋ ಕಾರ್ಬುರೇಟರಿನ ವಿಷಯಕ್ಕೆ ವಾದ ಹಚ್ಚಿಕೊಂಡಿದ್ದರು. ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತರು.

"ಹಲೋ, ನಾನು ಜಯನಗರದ ವಸಂತಾ ತಾಯಿ ಮಾತಾಡ್ತಿರೋದು. ಹೂಂ, ಚೆನ್ನಾಗಿದ್ದೀವಿ. ನೀವು ಬರೋದು ಬೇಡ ಅಂತ ಹೇಳೋಕೆ ಮಾಡಿದೆ... ಇಲ್ಲ ಇಲ್ಲ, ಬೇರೆ ಕಡೆ ಏನೂ ಗೊತ್ತಾಗಿಲ್ಲ. ಅವಳಿಗೆ ಮದುವೆ ಬೇಡ. ಅಯ್ಯೋ, ಕಾಯಿಲೆ ಗೀಯಿಲೆ ಏನಿಲ್ಲ ಕಣ್ರೀ, ಗುಂಡುಕಲ್ಲಿನ ಹಾಗಿದ್ದಾಳೆ. ಹಾಗೇ ಇರ್ತಾಳೆ."